ಮಾನ್ಯ ಬಚ್ಚಲೊಲೆಯವರ ಸನ್ನಿಧಾನಕ್ಕೆ

ಮಾನ್ಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಮಸ್ತ ತೋಟದ ಮನೆಗಳ ಪರವಾಗಿ ತಮಗೆ ಈ ಅಭಿನಂದನಾ ಪತ್ರ. ಸ್ವಚ್ಛತೆಯ ಪ್ರಶಸ್ತಿ ಬಂದಾಗಲೆಲ್ಲ ಹಾರ-ತುರಾಯಿ ಪಂಚಾಯ್ತಿಗೋ ಪುರಸಭೆಗೋ ಸಲ್ಲುತ್ತದೆ. ಮನೆಯ ಹಿಂಬದಿಯಲ್ಲಿ ಮಸಿ ಹಿಡಿದು ಕೂತು, ರಜೆ, ಮುಷ್ಕರ, ಸಂಬಳ ಏನನ್ನೂ ಕೇಳದೆ ಕಸ ವಿಲೇವಾರಿ ಮಾಡುತ್ತಿರುವ ತಮ್ಮನ್ನು ಇದುವರೆಗೆ ಯಾರೂ ವೇದಿಕೆಗೆ ಕರೆದಿಲ್ಲ.

ತಮ್ಮ ಪೂರ್ವಾಶ್ರಮ ಬಲ್ಲವರು ಇನ್ನೂ ಇದ್ದಾರೆ. ಆಗ ತಾವು ಶುದ್ಧ ಸಸ್ಯಾಹಾರಿ. ಅಡಿಕೆ ಸಿಪ್ಪೆ, ಒಣ ಸೋಗೆ, ಹಾಳೆ, ತೆಂಗಿನ ಕರಟ, ಇಷ್ಟೇ ತಮ್ಮ ಊಟ. ತರಕಾರಿ ಸಿಪ್ಪೆ, ಅಕ್ಕಚ್ಚು ಕೊಟ್ಟಿಗೆಗೆ ಹೋಗುತ್ತಿತ್ತು. ಸೊಪ್ಪು, ದರಕು ಗೊಬ್ಬರಗುಂಡಿಗೆ. ತಮ್ಮ ಹೊಟ್ಟೆಯಿಂದ ಗೋರಿದ ಬೂದಿಯಲ್ಲಿ ಪಾತ್ರೆ ಬೆಳಗಿ, ಮಿಕ್ಕಿದ್ದನ್ನು ಬಸಳೆ ಬುಡಕ್ಕೆ ಹಾಕುತ್ತಿದ್ದರು. ಯಾರೂ ಅದನ್ನು ಪರಿಸರ ಸಂರಕ್ಷಣೆ ಎಂದು ಕರೆಯಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಈಗ ತಮ್ಮ ಪಥ್ಯ ಬದಲಾಗಿದೆ. ಮಳೆಗಾಲದ ಸಂಜೆ ಹಂಡೆಯಡಿ ಬೆಂಕಿ ಹೊತ್ತಿಸುವುದನ್ನು ನೋಡಬೇಕು. ಸೌದೆ ತೇವ, ಸಿಪ್ಪೆ ಮೆದು, ರೇಷನ್ ಸೀಮೆಎಣ್ಣೆಯ ಕಾಲ ಮುಗಿಯಿತು. ಆಪದ್ಬಾಂಧವನಂತೆ ಒದಗುವುದು ಹಾಲಿನ ಪ್ಯಾಕೆಟ್. ಮಡಚಿ ತುದಿಗೆ ಕಡ್ಡಿ ಗೀರಿದರೆ ಅದು ನೀಲಿಯಾಗಿ ಹೊತ್ತಿ, ಕರಗಿದ ಹನಿಗಳು ಉರಿಯುತ್ತಲೇ ಟಪ್ ಟಪ್ ಎಂದು ಸಿಪ್ಪೆಯ ಮೇಲೆ ಬೀಳುತ್ತವೆ. ಕೊಟ್ಟಿಗೆಯಲ್ಲಿ ಹಸು ಇಲ್ಲದ ಮನೆಗೆ ಹಾಲೂ ಅದರಿಂದಲೇ, ಬೆಂಕಿಯೂ ಅದರಿಂದಲೇ! ಬೆಂಕಿ ಹಿಡಿದ ಮೇಲೆ ಔತಣ ಶುರು: ಶ್ಯಾಂಪೂ ಸ್ಯಾಷೆ, ಬಿಸ್ಕತ್ತಿನ ಕವರು, ಹರಿದ ಹವಾಯಿ ಚಪ್ಪಲಿ, ಮೊಮ್ಮಗನ ಡೈಪರು, ಕೊಳೆರೋಗಕ್ಕೆ ಹೆದರಿ ಅಡಿಕೆ ಕೊನೆಗೆ ಕಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆ. ತಾವು ಯಾವುದಕ್ಕೂ ಬೇಡ ಅಂದವರಲ್ಲ.

ಅಡಿಕೆ ಹಾಳೆಯ ತಟ್ಟೆಯನ್ನು ನಾವು ಹೊರದೇಶಕ್ಕೆ ಕಳಿಸುತ್ತೇವೆ. ಮನೆಯ ಸತ್ಯನಾರಾಯಣ ವ್ರತಕ್ಕೆ ಪೇಟೆಯಿಂದ ಮಿರಿಮಿರಿ ಮಿಂಚುವ ತಟ್ಟೆ ತಂದು, ಊಟವಾದ ಮೇಲೆ ತಮಗೆ ನೈವೇದ್ಯ ಮಾಡುತ್ತೇವೆ. ಉತ್ತರ ಭಾರತಕ್ಕೆ ಹೋದ ನಮ್ಮದೇ ಅಡಿಕೆ ಪಾನ್ ಮಸಾಲೆಯಾಗಿ, ಥಳಥಳಿಸುವ ಸ್ಯಾಷೆ ತೊಟ್ಟು ಊರಿಗೆ ಮರಳುತ್ತದೆ. ಪಾನ್ ಮಸಾಲೆಗೆ ಪ್ಲಾಸ್ಟಿಕ್ ಸ್ಯಾಷೆ ಬಳಸಬಾರದು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳಿದ್ದು ಸ್ಯಾಷೆಗೆ ಇನ್ನೂ ತಿಳಿದಂತಿಲ್ಲ.

ಕಾನೂನಿನ ಭಯ ತಮಗೆ ಬೇಡ. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಕಸದ ವಿಷಯ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾದ ಅದೇ ಪ್ರಕರಣದಲ್ಲಿ 2016ರ ಡಿಸೆಂಬರಿನಲ್ಲಿ ಮಂಡಳಿ, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಅದೇ ವರ್ಷದ ಘನತ್ಯಾಜ್ಯ ನಿಯಮವು ಬೀದಿಯಲ್ಲಿ, ಮನೆಯಾಚೆಯ ಬಯಲಲ್ಲಿ, ಚರಂಡಿಯಲ್ಲಿ, ನೀರಿನಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿತು. ಬಚ್ಚಲಿನ ಹೆಸರು ಅಲ್ಲೆಲ್ಲೂ ಬರಲಿಲ್ಲ. ತಮ್ಮ ಖಾಸಗಿತನಕ್ಕೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು?

ವಿಜ್ಞಾನದವರದು ಮಾತ್ರ ಬೇರೆ ರಗಳೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು ಕಡಿಮೆ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆಯಂತೆ. ಅದು ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದಂತೆ, ಕ್ಯಾನ್ಸರಿಗೂ ಕಾರಣವಂತೆ. ಅದನ್ನು ನಾಶ ಮಾಡಲು 850 ಡಿಗ್ರಿಗೂ ಮೇಲಿನ ಉರಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಹಂಡೆ ನೀರನ್ನು ಸ್ನಾನದ ಹದಕ್ಕೆ ತರುವಷ್ಟರಲ್ಲಿ ಏದುಸಿರು ಬಿಡುವ ತಮ್ಮಿಂದ ಅಷ್ಟೆಲ್ಲ ನಿರೀಕ್ಷಿಸುವುದು ತಪ್ಪು. ಆ ಹೊಗೆ ಮೊದಲು ಯಾರ ಎದೆಗೆ ಇಳಿಯುತ್ತದೆ ಎಂಬ ವಿಚಾರವನ್ನೂ ಮನೆಯ ಯಜಮಾನರು ಎತ್ತುವುದಿಲ್ಲ, ಏಕೆಂದರೆ ಊದುಕೊಳವೆ ಹಿಡಿದು ತಮ್ಮೆದುರು ಕುಕ್ಕರಗಾಲಲ್ಲಿ ಕೂರುವವರು ಅವರಲ್ಲ. ಬೂದಿ ಈಗಲೂ ಬಸಳೆ ಬುಡಕ್ಕೇ ಹೋಗುತ್ತದೆ. ಹೋಮ್‌ಸ್ಟೇಗೆ ಬಂದ ಬೆಂಗಳೂರಿನವರು ‘ಸೌದೆ ಒಲೆಯಲ್ಲಿ ಕಾದ ನೀರು, ಎಂಥ ಪರಿಮಳ!’ ಎಂದು ಮೈಮರೆಯುತ್ತಾರೆ. ಪರಿಮಳದ ಮೂಲವನ್ನು ನಾವೂ ಬಿಟ್ಟುಕೊಡುವುದಿಲ್ಲ.

ತಮ್ಮ ಯಶಸ್ಸಿನಿಂದ ನೊಂದವರೂ ಇದ್ದಾರೆ. ಪಂಚಾಯ್ತಿಯ ಸ್ವಚ್ಛ ವಾಹಿನಿ ಗಾಡಿ ಹಾಡು ಹಾಕಿಕೊಂಡು ಟಾರು ರಸ್ತೆಯಲ್ಲಿ ಬರುತ್ತದೆ. ಅದನ್ನು ಓಡಿಸುವ ಸ್ವಸಹಾಯ ಸಂಘದ ಹೆಣ್ಣುಮಗಳು ಹಾರನ್ ಒತ್ತಿ ಒತ್ತಿ ಕಾಯುತ್ತಾಳೆ. ಮನೆಯೊಳಗಿಂದ ಬರುವ ಉತ್ತರ: ‘ನಮ್ಮನೇಲಿ ಕಸ ಎಲ್ಲಿ ಮಾರಾಯ್ತಿ, ಎಲ್ಲ ಒಲೆಗೆ ಹೋಗ್ತದೆ!’ ತಿಂಗಳ ಕಸದ ಶುಲ್ಕ ಕೇಳಿದರೆ, ಕಸವನ್ನೇ ಕೊಡದವರು ದುಡ್ಡು ಯಾಕೆ ಕೊಡಬೇಕು ಎಂಬ ವಾದವೂ ಸಿದ್ಧ. ಆಗುಂಬೆ ಘಾಟಿ ಇಳಿದು ಕಾರ್ಕಳದ ನಿಟ್ಟೆಗೆ ಹೋದರೆ, ಸುತ್ತಲ ಪಂಚಾಯ್ತಿಗಳ ಒಣ ಕಸವನ್ನು ಒಂದೆಡೆ ತಂದು ವಿಂಗಡಿಸಿ ಮಾರುವ ಘಟಕವಿದೆ. ಅಲ್ಲಿಯವರಿಗೆ ತಮ್ಮಂಥ ಸಮರ್ಥರ ಸೇವೆಯನ್ನು ಬಳಸಿಕೊಳ್ಳಲು ತಿಳಿಯಲಿಲ್ಲವೇನೋ.

ತಮ್ಮಿಂದ ಆಗದ್ದಕ್ಕೆ ಹೊಳೆಯೂ ಇದೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರನ್ನೂ ಮುಟ್ಟಿ ಜೋಗದಲ್ಲಿ ಧುಮುಕುತ್ತಾಳೆ. ತಾವು ಅರಗಿಸಿಕೊಳ್ಳದೆ ಉಳಿಸಿದ್ದನ್ನು ಧರೆಯಾಚೆಗೆ ಎಸೆದರೆ ಸಾಕು, ಮುಂದಿನದನ್ನು ಮಳೆ ನೋಡಿಕೊಳ್ಳುತ್ತದೆ, ಹಳ್ಳ ಹೊಳೆಗೆ ಮುಟ್ಟಿಸುತ್ತದೆ.

ಆದ್ದರಿಂದ ಒಲೆರಾಯರೇ, ತಮಗೆ ಗೌರವಪೂರ್ವಕವಾಗಿ ನಿವೃತ್ತಿ ಕೊಡುವುದೆಂದು ತೀರ್ಮಾನಿಸಿದ್ದೇವೆ. ಸಿಪ್ಪೆ, ಕರಟ, ಸೌದೆ ಪಿಂಚಣಿಯಾಗಿ ಸಲ್ಲುತ್ತದೆ. ಉಳಿದದ್ದು ಈ ಪತ್ರ ಓದುವವರ ಕೆಲಸ. ಬಚ್ಚಲ ಬಾಗಿಲ ಪಕ್ಕ ಮೊಳೆ ಹೊಡೆದು ಒಂದು ಖಾಲಿ ಗೊಬ್ಬರದ ಚೀಲ ನೇತುಹಾಕಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಪೂರ್ತಿ ತುಂಡಾಗದಂತೆ ಕತ್ತರಿಸಿ, ತೊಳೆದು ಒಣಗಿಸಿ ಅದರಲ್ಲಿ ಹಾಕಿ. ಗುಜರಿಯವನು ಅದನ್ನು ತೂಕಕ್ಕೆ ಕೊಳ್ಳುತ್ತಾನೆ. ಅವನು ಮುಟ್ಟದ ಸ್ಯಾಷೆ, ಚಿಪ್ಸ್ ಕವರುಗಳನ್ನು ಬೇರೆ ಕಟ್ಟಿಟ್ಟು ಗಾಡಿ ಬಂದ ದಿನ ಕೊಡಿ. ಗಾಡಿ ನಿಮ್ಮ ಕೇರಿಗೆ ಬಾರದಿದ್ದರೆ ಮುಂದಿನ ಗ್ರಾಮಸಭೆಗೆ ಹೋಗಿ ಕೇಳಿ.

ಇತಿ,
ತಮ್ಮ ಬಿಸಿನೀರಿನ ಫಲಾನುಭವಿ