ನಿಮ್ಮ ಕಾರಿನ ಹೊಗೆ ನಮ್ಮೂರಿಗೆ ಬಾರದಿರಲಿ

ಬೆಂಗಳೂರಿನ ಎಲೆಕ್ಟ್ರಿಕ್ ಕಾರು ಮಾಲೀಕರಿಗೆ ರಾಯಚೂರು ಸೀಮೆಯಿಂದ ಒಂದು ಬಹಿರಂಗ ಪತ್ರ

ಹಸಿರು ನಂಬರ್ ಪ್ಲೇಟಿನ ಕಾರು ಕೊಂಡಿರುವ, ಕೊಳ್ಳಬೇಕೆಂದಿರುವ ಬೆಂಗಳೂರಿನ ಬಂಧುಗಳೇ,



ಮೊದಲಿಗೆ ಅಭಿನಂದನೆ. ಮನಸಾರೆ ಹೇಳುತ್ತಿದ್ದೇನೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಹೆಚ್ಚು ದುಡ್ಡು ಕೊಟ್ಟು, ಚಾರ್ಜಿಂಗ್‌ನ ತಾಪತ್ರಯವನ್ನೂ ಒಪ್ಪಿಕೊಂಡು ನೀವು ಈ ಕಾರು ತಂದಿದ್ದೀರಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸರು, ಕೆ.ಆರ್. ಮಾರುಕಟ್ಟೆಯ ಫುಟ್‌ಪಾತಿನಲ್ಲಿ ಹೂ ಮಾರುವವರು, ಬಾಗಿಲಿಲ್ಲದ ಆಟೋದಲ್ಲಿ ಕೂತ ಚಾಲಕರು ನಿಮ್ಮ ಕಾರಿನ ಹಿಂದೆ ನಿಂತಾಗ ಹೊಗೆ ಕುಡಿಯಬೇಕಾಗಿಲ್ಲ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ಊರಿನಲ್ಲಿ ಇದು ಸಣ್ಣ ಉಪಕಾರವಲ್ಲ.

ಈ ವಿಷಯದಲ್ಲಿ ನಿಮ್ಮ ಊರಿಗೆ ಹೆಮ್ಮೆ ಪಡುವ ಹಕ್ಕೂ ಇದೆ. ಚೇತನ್ ಮೈನಿಯವರ ‘ರೇವಾ’ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬೆಂಗಳೂರಿನಿಂದ ರಸ್ತೆಗಿಳಿದದ್ದು 2001ರಲ್ಲಿ. ಲಂಡನ್ನಿನ ಬೀದಿಗಳಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯವೂ ನಮ್ಮದೇ, 2017ರಲ್ಲಿ.

ನಾನು ರಾಯಚೂರು ಜಿಲ್ಲೆಯವನು. ನಿಮ್ಮ ಕಾರಿಗೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಶೋರೂಮಿನಲ್ಲಿ ಯಾರೂ ಅದನ್ನು ಹೇಳುವುದಿಲ್ಲವಾದ್ದರಿಂದ ಈ ಪತ್ರ.

ಕೃಷ್ಣಾ ನದಿಯ ದಂಡೆಯಲ್ಲಿ, ದೇವಸೂಗೂರಿನ ಪಕ್ಕದಲ್ಲಿ ಶಕ್ತಿನಗರವಿದೆ. ಅಲ್ಲಿನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯ. ದಶಕಗಟ್ಟಲೆ ರಾಜ್ಯದ ದೀಪಗಳನ್ನು ಉರಿಸಿದ ಕೇಂದ್ರವದು, ಅದರ ಬಗ್ಗೆ ನಮಗೆ ಅಭಿಮಾನವಿದೆ. ನಮ್ಮವರಿಗೆ ಅದು ನೌಕರಿ ಕೊಟ್ಟಿದೆ. ಅದರ ಜೊತೆಗೇ ಬೂದಿಯನ್ನೂ ಕೊಟ್ಟಿದೆ. ಸಿಂಗರೇಣಿ ಗಣಿಗಳಿಂದ, ಒಡಿಶಾದಿಂದ ಗೂಡ್ಸ್ ರೈಲಿನಲ್ಲಿ ಬರುವ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ. ಉರಿದ ಮೇಲೂ ಅದು ಉಳಿಯುತ್ತದೆ. ಹೊಂಡಗಳಲ್ಲಿ ಕೂರುತ್ತದೆ, ಬೇಸಿಗೆಯ ಗಾಳಿಗೆ ಏಳುತ್ತದೆ, ಸುತ್ತಲಿನ ಹಳ್ಳಿಗಳ ಅಂಗಳಕ್ಕೂ ಬೆಳೆಗೂ ಇಳಿಯುತ್ತದೆ.

ನಿಮ್ಮ ಕಾರಿಗೆ ಇದರ ಸಂಬಂಧವೇನು, ಲೆಕ್ಕ ಹಾಕೋಣ.

ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು ನೂರು ಕಿಲೋಮೀಟರ್ ಓಡಲು, ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ, ಸುಮಾರು 16 ಯೂನಿಟ್ ಕರೆಂಟ್ ಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಮುಕ್ಕಾಲು ಕಿಲೋಗೆ ಹತ್ತಿರದಷ್ಟು ಕಲ್ಲಿದ್ದಲು ಉರಿಯುತ್ತದೆ; ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ (ಮುಂದೆ ಇದನ್ನೇ ಚಿಕ್ಕದಾಗಿ ಇಂಗಾಲ ಎನ್ನುತ್ತೇನೆ) ಹೊರಬೀಳುತ್ತದೆ. ಅಂದರೆ ಪೂರ್ತಿ ಕಲ್ಲಿದ್ದಲಿನ ಕರೆಂಟಿನಲ್ಲೇ ಓಡುವ ಕಾರು ನೂರು ಕಿಲೋಮೀಟರಿಗೆ ಸುಮಾರು 16 ಕಿಲೋ ಇಂಗಾಲವನ್ನೂ ಮೂರು ನಾಲ್ಕು ಕಿಲೋ ಬೂದಿಯನ್ನೂ ಬಿಟ್ಟುಹೋಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು, ತೈಲದ ಶುದ್ಧೀಕರಣ ಮತ್ತು ಸಾಗಣೆಯನ್ನೂ ಸೇರಿಸಿದರೆ, ಅಷ್ಟೇ ದೂರಕ್ಕೆ ಸುಮಾರು 18 ಕಿಲೋ ಇಂಗಾಲ ಉಗುಳುತ್ತದೆ. ಎರಡಕ್ಕೂ ಇರುವ ಅಂತರ ಎರಡೇ ಕಿಲೋ. ಹೊಗೆ ಮಾತ್ರ ನಿಮ್ಮ ಸಿಗ್ನಲ್ ಬಿಟ್ಟು ನಮ್ಮ ಚಿಮಣಿಗೆ ಬಂದಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಎಲೆಕ್ಟ್ರಿಕ್ ಕಾರು ಬರೀ ಮೋಸ ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ರೋಲ್ ಎಂಜಿನ್ನು ತಾನು ಕುಡಿದ ಇಂಧನದ ಶಕ್ತಿಯಲ್ಲಿ ಕಾಲು ಪಾಲನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ವ್ಯರ್ಥವಾಗುತ್ತದೆ. ಎಲೆಕ್ಟ್ರಿಕ್ ಮೋಟಾರು ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚನ್ನು ಓಟಕ್ಕೆ ಬಳಸುತ್ತದೆ. ಬ್ರೇಕ್ ಹಾಕಿದಾಗ, ಘಾಟಿ ಇಳಿಯುವಾಗ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ದೇಶದ ಎಲ್ಲ ಮೂಲಗಳ ವಿದ್ಯುತ್ತನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲ ಬರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಕಾರು ನೂರು ಕಿಲೋಮೀಟರಿಗೆ ಹೊರುವ ಹೊಣೆ 11 ಕಿಲೋ ಆಸುಪಾಸು, ಪೆಟ್ರೋಲ್ ಕಾರಿನದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಕಡಿಮೆ. ಪೆಟ್ರೋಲ್ ಕಾರು ಹಳೆಯದಾದಷ್ಟೂ ಹೆಚ್ಚು ಹೊಗೆ ಬಿಡುತ್ತದೆ. ನಿಮ್ಮ ಕಾರು, ಜಾಲಕ್ಕೆ ಸೌರ ಮತ್ತು ಪವನ ವಿದ್ಯುತ್ ಸೇರುತ್ತಾ ಹೋದಂತೆ, ಹಳೆಯದಾಗುತ್ತಲೇ ಶುದ್ಧವಾಗುತ್ತಾ ಹೋಗಬಲ್ಲದು. ಪೆಟ್ರೋಲ್ ಕಾರಿಗೆ ಎಂದೂ ಸಿಗದ ಅವಕಾಶವಿದು.

ಆದರೆ ನಿಮ್ಮ ಕಾರು ಶೋರೂಮಿನಿಂದ ಹೊರಬರುವಾಗಲೇ ಮೈಮೇಲೆ ಸಾಲ ಹೊತ್ತಿರುತ್ತದೆ. 40 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ತಯಾರಿಸುವಷ್ಟರಲ್ಲೇ ಎರಡೂವರೆಯಿಂದ ನಾಲ್ಕು ಟನ್ ಇಂಗಾಲ ವಾತಾವರಣಕ್ಕೆ ಸೇರಿರುತ್ತದೆ. ಮೂರು ಟನ್ ಎಂದು ಹಿಡಿಯೋಣ. ದೇಶದ ಸರಾಸರಿ ಕರೆಂಟಿನಲ್ಲಿ ಓಡಿಸಿದರೆ ಸುಮಾರು 45,000 ಕಿಲೋಮೀಟರಿಗೆ ಆ ಸಾಲ ತೀರುತ್ತದೆ. ಪೂರ್ತಿ ಕಲ್ಲಿದ್ದಲಿನ ಕರೆಂಟಿನಲ್ಲಾದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಬೇಕು. ಬಿಸಿಲಿನ ಕರೆಂಟಿನಲ್ಲಾದರೆ ಇಪ್ಪತ್ತು ಸಾವಿರದೊಳಗೇ ತೀರುತ್ತದೆ. ಕಾರು ಅದೇ, ಬ್ಯಾಟರಿ ಅದೇ, ಚಾಲಕರೂ ನೀವೇ. ಇಷ್ಟು ದೊಡ್ಡ ವ್ಯತ್ಯಾಸವನ್ನು ತೀರ್ಮಾನಿಸುವುದು ಪ್ಲಗ್ ಹಾಕುವ ಹೊತ್ತು ಮತ್ತು ಆ ಹೊತ್ತಿಗೆ ತಂತಿಯಲ್ಲಿ ಹರಿಯುತ್ತಿರುವ ಕರೆಂಟು. ನಾನು ನಿಮ್ಮ ಮುಂದಿಡಬೇಕೆಂದಿರುವ ಮುಖ್ಯ ಮಾತು ಇದೇ.

ಕರ್ನಾಟಕದಲ್ಲಿ ಹಗಲಿನ ಕರೆಂಟಿಗೂ ರಾತ್ರಿಯ ಕರೆಂಟಿಗೂ ಬಹಳ ಅಂತರವಿದೆ. ರಾಜ್ಯದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಲು, ಗಾಳಿ, ನೀರಿನದು. ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಮಧ್ಯಾಹ್ನ ಸೌರ ವಿದ್ಯುತ್ ಉಕ್ಕಿ ಹರಿಯುತ್ತದೆ. ಬೇಡಿಕೆ ಸಾಲದೆ ಉತ್ಪಾದನೆ ತಗ್ಗಿಸಿ ಎಂದು ಹೇಳಬೇಕಾದ ಹೊತ್ತೂ ಉಂಟು. ಸೂರ್ಯ ಮುಳುಗುತ್ತಲೇ ಚಿತ್ರ ಬದಲಾಗುತ್ತದೆ. ಮನೆಮನೆಯ ದೀಪ, ಟಿ.ವಿ., ಎ.ಸಿ.ಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಶರಾವತಿ, ಕಾಳಿಯ ನೀರು ಬಿಡಬೇಕು, ಶಕ್ತಿನಗರದ, ಬಳ್ಳಾರಿಯ ಕಲ್ಲಿದ್ದಲು ಉರಿಸಬೇಕು. ಆಫೀಸಿನಿಂದ ಬಂದು ಸಂಜೆ ಏಳೂವರೆಗೆ ನೀವು ಬೇಸ್‌ಮೆಂಟಿನಲ್ಲಿ ಪ್ಲಗ್ ಹಾಕುವುದು ಸರಿಯಾಗಿ ಅದೇ ಹೊತ್ತಿನಲ್ಲಿ.

ಮಳೆ ಕೈಕೊಟ್ಟ ವರ್ಷ ಏನಾಗುತ್ತದೆಂದು 2023ರಲ್ಲಿ ಕಂಡೆವು. ಜಲಾಶಯಗಳು ಬರಿದಾದವು, ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡಲೂ ಸರ್ಕಾರ ಪರದಾಡಿತು, ಒಣಗುತ್ತಿದ್ದ ಬೆಳೆ ಮುಂದಿಟ್ಟುಕೊಂಡು ರೈತರು ಬೀದಿಗಿಳಿದರು. ಆಗ ಎಲೆಕ್ಟ್ರಿಕ್ ಕಾರುಗಳು ಕಡಿಮೆಯಿದ್ದವು. ಮುಂದಿನ ಬರಗಾಲದ ಹೊತ್ತಿಗೆ ಲಕ್ಷಗಟ್ಟಲೆ ಇರುತ್ತವೆ. ಅವೆಲ್ಲವೂ ಸಂಜೆಯೇ ಚಾರ್ಜಿಗೆ ನಿಂತರೆ ಕಲ್ಲಿದ್ದಲು ಉರಿಯುವುದು ನಮ್ಮಲ್ಲಿ, ಕರೆಂಟು ಹೋಗುವುದೂ ನಮ್ಮಲ್ಲಿ.

ನಿಮ್ಮ ಕಷ್ಟಗಳನ್ನು ನಾನು ಬಲ್ಲೆ. ಸ್ವಂತ ಪಾರ್ಕಿಂಗ್ ಇಲ್ಲದೆ ಬೀದಿಯಲ್ಲಿ ಕಾರು ನಿಲ್ಲಿಸುವ ಬಾಡಿಗೆದಾರರಿಗೆ ಮನೆಯಲ್ಲಿ ಚಾರ್ಜ್ ಮಾಡುವ ದಾರಿಯೇ ಇಲ್ಲ. ಮಾದರಿ ಕಟ್ಟಡ ಬೈಲಾಗಳಿಗೆ 2019ರಲ್ಲಿ ತಂದ ತಿದ್ದುಪಡಿ ಪಾರ್ಕಿಂಗಿನ ಶೇಕಡಾ 20ರಷ್ಟು ಜಾಗದಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರಬೇಕೆನ್ನುತ್ತದೆ. ಅದಕ್ಕೂ ಮುಂಚೆ ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಒಂದು ಪಾಯಿಂಟಿಗಾಗಿ ಅಸೋಸಿಯೇಷನ್ನಿನ ಸಭೆ ಮೇಲೆ ಸಭೆ ನಡೆಯಬೇಕು. ಹದಿನೈದು ಆಂಪಿಯರ್ ಪ್ಲಗ್ಗಿನಲ್ಲಿ ಖಾಲಿ ಬ್ಯಾಟರಿ ತುಂಬಲು ಹನ್ನೆರಡು ಗಂಟೆಯೇ ಹಿಡಿಯುತ್ತದೆ. ರಾಯಚೂರಿಗೆ ಬರುವುದಾದರೆ ಸುಮಾರು ನಾನೂರು ಕಿಲೋಮೀಟರ್. 40 ಯೂನಿಟ್‌ನ ಕಾರು ಎ.ಸಿ. ಹಾಕಿಕೊಂಡು ನಿಜವಾಗಿ ಓಡುವುದು ಇನ್ನೂರೈವತ್ತರ ಆಸುಪಾಸು. ದಾರಿಯಲ್ಲಿ ಒಂದು ಗಂಟೆ ಫಾಸ್ಟ್ ಚಾರ್ಜರ್ ಮುಂದೆ ಕಾಯಲೇಬೇಕು. ಅದು ಕೆಟ್ಟಿದ್ದರೆ, ಮುಂದೆ ಎರಡು ಕಾರು ನಿಂತಿದ್ದರೆ ಇನ್ನೂ ಹೊತ್ತು. ನಮ್ಮ ಕಡೆಯ ಬೇಸಿಗೆಯ ನಲವತ್ತೆರಡು ಡಿಗ್ರಿಯಲ್ಲಿ ಬ್ಯಾಟರಿ ತನ್ನನ್ನು ತಂಪಾಗಿಟ್ಟುಕೊಳ್ಳಲೂ ಕರೆಂಟ್ ಖರ್ಚು ಮಾಡುತ್ತದೆ. ನಿತ್ಯದ ನಲವತ್ತು ಐವತ್ತು ಕಿಲೋಮೀಟರಿನ ಓಡಾಟಕ್ಕೆ ಈ ಕಾರು ಹೇಳಿ ಮಾಡಿಸಿದಂತಿದೆ. ಆಗೊಮ್ಮೆ ಈಗೊಮ್ಮೆ ಬರುವ ದೂರದ ಪ್ರಯಾಣದ ಹೆದರಿಕೆಗೆ ದುಪ್ಪಟ್ಟು ಬ್ಯಾಟರಿಯ ದೊಡ್ಡ ಕಾರು ಕೊಂಡರೆ ಬ್ಯಾಟರಿಯ ಇಂಗಾಲದ ಸಾಲವೂ ದುಪ್ಪಟ್ಟಾಗುತ್ತದೆ. ಊರಿಗೆ ಬರಲು ರೈಲಿದೆ.

ಬ್ಯಾಟರಿಯೊಳಗಿನ ಲೋಹಗಳಿಗೂ ಹುಟ್ಟೂರುಗಳಿವೆ. ಕೆಲವು ಬಗೆಯ ಬ್ಯಾಟರಿಗಳಲ್ಲಿರುವ ಕೋಬಾಲ್ಟ್‌ನ ದೊಡ್ಡ ಪಾಲು ಬರುವುದು ಕಾಂಗೋ ದೇಶದಿಂದ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲೇ ಜಗತ್ತಿಗೆ ತೋರಿಸಿತು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಲಿಥಿಯಂಗಾಗಿ ನೆಲದಡಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಆವಿಯಾಗಿಸುತ್ತಾರೆ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಸುತ್ತಮುತ್ತ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದ್ದಾರೆ. ನಾಳೆ ಅಲ್ಲಿ ಅಗೆದರೆ ಅಲ್ಲಿನ ಹೊಲಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಪಾವಗಡದ ಸೌರ ವಿದ್ಯುತ್ತಿನಲ್ಲೂ ಇಂಥದೊಂದು ಲೆಕ್ಕವಿದೆ. ಹೊಲ ಇದ್ದವರಿಗೆ ಎಕರೆಗೆ ಇಷ್ಟೆಂದು ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೆ ಕೆಲಸ ತಪ್ಪಿತು. ಶುದ್ಧ ವಿದ್ಯುತ್ತನ್ನು ಇನ್ನೊಬ್ಬರು ಬಿಟ್ಟುಕೊಟ್ಟ ನೆಲದ ಮೇಲೆ ತಯಾರಿಸುತ್ತಿದ್ದೇವೆ. ಅದನ್ನು ದುಂದು ಮಾಡುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಹಾಗಾದರೆ ನೀವು ಮಾಡಬೇಕಾದದ್ದೇನು? ನನ್ನ ಕೋರಿಕೆಗಳು ನಾಲ್ಕು.

ಮೊದಲನೆಯದು, ಹಗಲಲ್ಲಿ ಚಾರ್ಜ್ ಮಾಡಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಟೆಕ್ ಪಾರ್ಕಿನ ಪಾರ್ಕಿಂಗ್‌ಗಳಲ್ಲಿ ನಿಮ್ಮ ಕಾರು ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಸುಮ್ಮನೆ ನಿಂತಿರುತ್ತದೆ. ದುಬಾರಿ ಫಾಸ್ಟ್ ಚಾರ್ಜರ್ ಬೇಡ, ಸಾಧಾರಣ ಪ್ಲಗ್ ಸಾಕು. ಎರಡು ದಿನದ ಓಡಾಟಕ್ಕಾಗುವಷ್ಟು ತುಂಬುತ್ತದೆ. ಸೌರ ವಿದ್ಯುತ್ ಸಿಗುವ ಗಂಟೆಗಳಲ್ಲಿ ದರ ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿದೆ. ಅದರ ಲಾಭ ಕಾರು ಮಾಲೀಕರಿಗೆ ನೇರವಾಗಿ ಸಿಗುವಂತೆ ಮಾಡಿ ಎಂದು ಬೆಸ್ಕಾಂ ಅನ್ನೂ ವಿದ್ಯುತ್ ನಿಯಂತ್ರಣ ಆಯೋಗವನ್ನೂ ಒತ್ತಾಯಿಸಿ. ಆಯೋಗ ದರ ನಿಗದಿಗೆ ಮುನ್ನ ಸಾರ್ವಜನಿಕರ ಅಹವಾಲು ಕೇಳುತ್ತದೆ. ಅಲ್ಲಿ ನೀವು ಮಾತಾಡಬೇಕು.

ಎರಡನೆಯದು, ಚಿಕ್ಕ ಕಾರು ಕೊಳ್ಳಿ, ಬಹಳ ವರ್ಷ ಇಟ್ಟುಕೊಳ್ಳಿ. ಒಂದು ಕಾರಿನ ಬ್ಯಾಟರಿಯಲ್ಲಿ ಹತ್ತಕ್ಕೂ ಹೆಚ್ಚು ಎಲೆಕ್ಟ್ರಿಕ್ ಸ್ಕೂಟರ್ ತಯಾರಾಗುತ್ತವೆ. ಸ್ಕೂಟರಿನಲ್ಲಿ ಮುಗಿಯುವ ಕೆಲಸಕ್ಕೆ ಸ್ಕೂಟರೇ ಸಾಕು. ಮನೆಯಲ್ಲಿರುವ ಪೆಟ್ರೋಲ್ ಕಾರಿನ ಜೊತೆಗೆ ಎರಡನೆಯದಾಗಿ ಎಲೆಕ್ಟ್ರಿಕ್ ಕಾರನ್ನು ತಂದು ವಾರಕ್ಕೊಮ್ಮೆ ಓಡಿಸಿದರೆ ಬ್ಯಾಟರಿಯ ಸಾಲ ಎಂದೂ ತೀರದು. ಬ್ಯಾಟರಿಯ ಆಯುಸ್ಸು ಮುಗಿದಾಗ ಗುಜರಿಗೆ ಹಾಕದೆ ತಯಾರಕರಿಗೇ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಮೂರನೆಯದು, ಬಸ್ಸಿನ ಪರವಾಗಿ ನಿಲ್ಲಿ. ಟೈರ್ ಸವೆದು ಏಳುವ ದೂಳು ನಿಮ್ಮ ಕಾರಿನಿಂದಲೂ ಏಳುತ್ತದೆ, ಹೊರ ವರ್ತುಲ ರಸ್ತೆಯಲ್ಲಿ ನಿಮ್ಮ ಕಾರೂ ಪೆಟ್ರೋಲ್ ಕಾರಿನಷ್ಟೇ ಜಾಗ ಹಿಡಿಯುತ್ತದೆ. ಐದಾರು ಕಾರುಗಳ ಬ್ಯಾಟರಿಯಷ್ಟರಲ್ಲಿ ಒಂದು ಎಲೆಕ್ಟ್ರಿಕ್ ಬಸ್ಸು ದಿನಕ್ಕೆ ನೂರಾರು ಜನರನ್ನು ಸಾಗಿಸುತ್ತದೆ. ಪಿ.ಎಂ. ಇ-ಡ್ರೈವ್ ಯೋಜನೆಯಡಿ ಬೆಂಗಳೂರಿಗೆ ಸುಮಾರು 4,500 ಎಲೆಕ್ಟ್ರಿಕ್ ಬಸ್ಸುಗಳ ಹಂಚಿಕೆಯಾಗಿದೆ. ಅವು ಬೇಗ ರಸ್ತೆಗಿಳಿಯಲಿ, ಅವಕ್ಕೆ ಪ್ರತ್ಯೇಕ ಪಥ ಸಿಗಲಿ ಎಂದು ಕಾರಿನಲ್ಲಿ ಕೂತವರೇ ಕೇಳಿದರೆ ಆಳುವವರು ಬೇಗ ಕೇಳಿಸಿಕೊಳ್ಳುತ್ತಾರೆ.

ನಾಲ್ಕನೆಯದು, ನಮ್ಮ ಚಿಮಣಿಗಳ ಬಗ್ಗೆಯೂ ಬಾಯಿಬಿಡಿ. ಕಲ್ಲಿದ್ದಲು ಸ್ಥಾವರಗಳು ಗಂಧಕದ ಡೈ ಆಕ್ಸೈಡ್ ತಗ್ಗಿಸಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಮಾನದಂಡ ತಂದಿತು. ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಗಂಧಕ ಹಿಡಿಯುವ ಉಪಕರಣದ ಕಡ್ಡಾಯದಿಂದಲೇ ವಿನಾಯಿತಿ ಕೊಟ್ಟಿತು. ದೊಡ್ಡ ನಗರಗಳ ಸಮೀಪದ ಸ್ಥಾವರಗಳಿಗೆ ಮಾತ್ರ ನಿಯಮ ಬಿಗಿಯಾಗಿ ಉಳಿಯಿತು. ಹಳ್ಳಿಯವರ ಶ್ವಾಸಕೋಶ ನಗರದವರದಕ್ಕಿಂತ ಅಗ್ಗವೇ? ನಿಮ್ಮ ರಸ್ತೆಯ ಹೊಗೆಯ ವಿರುದ್ಧ ದುಡ್ಡು ಕೊಟ್ಟು ಕಾರು ಬದಲಿಸಿದವರು ನೀವು. ಅದೇ ಕಾಳಜಿ ತಂತಿಯ ಇನ್ನೊಂದು ತುದಿಯವರೆಗೂ ಬರಲಿ.

ಈ ನಾಲ್ಕರಲ್ಲಿ ಮೊದಲನೆಯದನ್ನು ನಾಳೆಯೇ ಶುರುಮಾಡಬಹುದು. ನಿಮ್ಮ ಕಚೇರಿಯ ಆಡಳಿತ ವಿಭಾಗಕ್ಕೆ, ಪಾರ್ಕಿಂಗಿನಲ್ಲಿ ಹಗಲು ಚಾರ್ಜ್ ಮಾಡಲು ಪಾಯಿಂಟ್ ಬೇಕೆಂದು ಒಂದು ಅರ್ಜಿ ಬರೆಯಿರಿ. ಹತ್ತು ಸಹೋದ್ಯೋಗಿಗಳ ಸಹಿ ಹಾಕಿಸಿ. ಸಿಗುವವರೆಗೂ ಬಿಡಬೇಡಿ.

ಇಂತಿ ನಿಮ್ಮ,
ಶಕ್ತಿನಗರದ ಕಡೆಯವನೊಬ್ಬ