ಸೆರಗಿನ ಗಂಟಿನಲ್ಲಿ ಮೆಟ್ರೋ

ಬೆಂಗಳೂರು ನೋಡಬೇಕೆನ್ನುವವರು ನನ್ನ ಚಿಕ್ಕವ್ವನ ಜೊತೆ ನೋಡಬೇಕು. ಮಳವಳ್ಳಿಗೆ ರೈಲಿಲ್ಲ, ಬಸ್ಸಿನಲ್ಲಿ ಮದ್ದೂರಿಗೆ ಬಂದು, ವಡೆ ಕಟ್ಟಿಸಿಕೊಂಡು ರೈಲು ಹತ್ತುವುದು ನಮ್ಮ ಕ್ರಮ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮ ಪ್ರವಾಸದ ದಾರಿ ನಿರ್ಧರಿಸುವುದು ಅವಳ ಆಧಾರ್ ಕಾರ್ಡು. ಮೆಜೆಸ್ಟಿಕ್ಕಿನಲ್ಲಿ ತಣ್ಣಗಿನ ವಜ್ರ ಬಸ್ಸು ಬಂದು ಬಾಗಿಲು ತೆರೆದರೂ ಮುಖ ತಿರುಗಿಸುತ್ತಾಳೆ. "ಅದ್ರಲ್ಲಿ ಹೆಂಗಸ್ರಿಗೂ ಕಾಸು ಕಣ್ಲಾ, ಬುಡು." ಲಾಲ್‌ಬಾಗ್‌ಗೆಂದು ಹೊರಟವರು, ಕಾಸು ಕೇಳದ ಬಸ್ಸು ಮೊದಲು ಸಿಕ್ಕಿತೆಂದು ಬನಶಂಕರಿ ನೋಡಿದ್ದೂ ಉಂಟು. ದೇವಸ್ಥಾನವಾದ್ದರಿಂದ ಗೊಣಗುವಂತಿರಲಿಲ್ಲ. ಅವಳಿಗೆ ಶೂನ್ಯ ಟಿಕೆಟ್ಟು, ಪಕ್ಕದಲ್ಲಿ ಜೋತಾಡುವ ನನಗೆ ಪೂರ್ತಿ ಟಿಕೆಟ್ಟು. ಚಿಲ್ಲರೆ ಕೊಡಿ ಎಂಬ ಉಪದೇಶವೂ ನನಗೇ.

ಮೆಟ್ರೋದಲ್ಲಿ ಮಾತ್ರ ಆಧಾರ್ ಆಟ ನಡೆಯುವುದಿಲ್ಲ. ದುಡ್ಡು ತೆತ್ತ ಸಂಕಟಕ್ಕೆ ಚಿಕ್ಕವ್ವ ಆ ಪ್ಲಾಸ್ಟಿಕ್ ಟೋಕನ್ನನ್ನು ಸೆರಗಿನ ತುದಿಗೆ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಕೊಂಡಳು. ಒಳಗೆ ತಿನ್ನುವಂತಿಲ್ಲ, ಆದರೆ ಚೀಲದ ವಡೆಯ ಈರುಳ್ಳಿ ಘಮಕ್ಕೆ ಯಾವ ನಿಯಮ? ಎದುರಿನ ಹುಡುಗ ಫೋನಿನಿಂದ ತಲೆಯೆತ್ತಿ ಚೀಲವನ್ನೇ ನೋಡತೊಡಗಿದ.

ಹೊರಹೋಗುವ ಗೇಟು ಟೋಕನ್ನು ನುಂಗಿದ ಮೇಲೆಯೇ ದಾರಿ ಬಿಡುವುದು. "ಕಾಸ್ ಕೊಟ್ ತಗಂಡಿದ್ನ ಯಾಕ್ಲಾ ವಾಪಸ್ ಕೊಡ್ಬೇಕು?" ಹಿಂದೆ ಸಾಲು ಬೆಳೆಯಿತು. ನಾನು ಹಲ್ಲು ಹಚ್ಚಿ ಗಂಟು ಬಿಚ್ಚುತ್ತಿರುವಾಗ ಸಾಲಿನಲ್ಲಿದ್ದವರೊಬ್ಬರು, "ಯಾವೂರವ್ವ?" ಅಂದರು.

"ಮಳವಳ್ಳಿ."

"ಅಯ್, ನಮ್ದು ಕಿರುಗಾವ್ಲು!"

ಅಲ್ಲಿಂದ ಮಾತು ಕಬ್ಬಿನ ರೇಟಿಗೆ ಹೊರಳಿತು. ಸೆರಗು ಇನ್ನೂ ನನ್ನ ಬಾಯಲ್ಲೇ ಇತ್ತು.