ದರಾಕ್ಷರ ಮೀಮಾಂಸೆ

ಶಾಸ್ತ್ರಗ್ರಂಥಗಳು ಮಂಗಳಶ್ಲೋಕದಿಂದ ಶುರುವಾಗುತ್ತವೆ. ಇದು ಇ-ಟಿಕೆಟ್ಟಿನಿಂದ ಶುರುವಾಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವ ಲುಫ್ತಾನ್ಸಾ ಟಿಕೆಟ್ಟೊಂದನ್ನು ಎದುರಿಗಿಟ್ಟುಕೊಳ್ಳಿ. ಎಲ್‌ಎಚ್ 755 ಎಂದು ವಿಮಾನದ ಸಂಖ್ಯೆ. ಆಮೇಲೆ ತಾರೀಖು, ಹೊರಡುವ ಹೊತ್ತು, ಎಷ್ಟು ಕಿಲೋ ಸಾಮಾನು. ಇವನ್ನೆಲ್ಲ ಜನ ಎರಡೆರಡು ಸಲ ಓದುತ್ತಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ತೂಗುವುದಿರುವುದರಿಂದ ಕಿಲೋವನ್ನು ಮೂರು ಸಲ. ಇವುಗಳ ನಡುವೆ ‘ಕೆ’ ಎಂದೋ ‘ಎಲ್’ ಎಂದೋ ಒಂಟಿ ಅಕ್ಷರವೊಂದು ಅಚ್ಚಿನ ತಪ್ಪಿನ ಹಾಗೆ ಸಂಕೋಚದಿಂದ ನಿಂತಿರುತ್ತದೆ. ಪ್ರಸ್ತುತ ಗ್ರಂಥದ ವಿಷಯ ಆ ಅಕ್ಷರ.

ವಿಷಯ ಹೇಳಿದ ಮೇಲೆ ಅಧಿಕಾರಿ, ಪ್ರಯೋಜನ, ಸಂಬಂಧ ಇವನ್ನೂ ಹೇಳಿಬಿಡಬೇಕೆಂಬುದು ಹಿರಿಯರ ಪದ್ಧತಿ. ಅಧಿಕಾರಿ ಯಾರೆಂದರೆ, ಒಂದು ಕಂಪನಿಯ ವಿಮಾನದಲ್ಲಿ ಹಾರಿ ಇನ್ನೊಂದು ಕಂಪನಿಯ ಖಾತೆಗೆ ಮೈಲಿ ಜಮಾ ಮಾಡಿಸಲು ಹೊರಟವನು; ಲುಫ್ತಾನ್ಸಾದಲ್ಲಿ ಕೂತು ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿನ ನಂಬರು ಕೊಡುವ ಜಾತಿಯವನು. ಪ್ರಯೋಜನವೇನೆಂದು ಕೇಳುವವನು ಅಧಿಕಾರಿಯಲ್ಲ. ಇನ್ನು ಸಂಬಂಧ: ಅದು ಬೀಗತನ. 1997ರ ಮೇ ತಿಂಗಳಲ್ಲಿ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಎಂಬ ಐದು ಮನೆಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿಕೊಂಡವು. 1999ರಲ್ಲಿ ಒನ್‌ವರ್ಲ್ಡ್, ಮರುವರ್ಷ ಸ್ಕೈಟೀಮ್. ಏರ್ ಇಂಡಿಯಾ ಸ್ಟಾರ್ ಮನೆತನಕ್ಕೆ ಬಂದದ್ದು 2014ರ ಜುಲೈಯಲ್ಲಿ. (ಕಟ್ಟಿದವರಲ್ಲೇ ಒಬ್ಬರಾದ ಎಸ್‌ಎಎಸ್ 2024ರಲ್ಲಿ ಮನೆಬಿಟ್ಟು ಸ್ಕೈಟೀಮ್ ಸೇರಿತು. ಇಂಥದ್ದು ಯಾವ ಮನೆಯಲ್ಲಿಲ್ಲ?) ಬೀಗರ ಮನೆಯಲ್ಲಿ ಎಲೆ ಹಾಕುವುದು ಖಂಡಿತ. ಆದರೆ ಮೊದಲ ಪಂಕ್ತಿಯೋ ಕೊನೆಯ ಪಂಕ್ತಿಯೋ, ಹೋಳಿಗೆ ಎರಡೋ ಅರ್ಧವೋ ಎಂಬುದು ನೀವು ಹೆಣ್ಣಿನ ಸ್ವಂತ ಅಣ್ಣನೋ ಅಥವಾ ಆ ಅಣ್ಣನ ಹೆಂಡತಿಯ ಚಿಕ್ಕಪ್ಪನ ಮಗನೋ ಎಂಬುದರ ಮೇಲಿದೆ. ಆ ವರಸೆಯನ್ನು ಗೊತ್ತುಮಾಡುವುದೇ ಅಕ್ಷರ.

ಮೊದಲಿಗೆ ವರ್ಣಮಾಲೆ. ‘ಎಫ್’ ಎಂದರೆ ಫಸ್ಟ್ ಕ್ಲಾಸ್, ‘ಜೆ’ ಅಥವಾ ‘ಸಿ’ ಬಿಸಿನೆಸ್, ‘ವೈ’ ಪೂರ್ತಿ ದರದ ಎಕಾನಮಿ. ಇಷ್ಟರವರೆಗೆ ಪಂಡಿತರಲ್ಲಿ ಒಮ್ಮತವಿದೆ. ‘ವೈ’ ದಾಟಿ ಕೆಳಗಿಳಿದರೆ ಬಿ, ಎಂ, ಎಚ್, ಕ್ಯೂ, ವಿ, ಎಸ್, ಟಿ, ಎಲ್, ಕೆ ಎಂದು ಸಾಲು ಬೆಳೆಯುತ್ತದೆ. ಎಲ್ಲವೂ ಎಕಾನಮಿಯೇ. ಸೀಟಿನ ಅಗಲ ಅದೇ, ಮೊಣಕಾಲಿಗೆ ತಾಗುವ ಟ್ರೇ ಅದೇ, ‘ವೆಜ್ ಮುಗಿದಿದೆ’ ಎಂಬ ಉತ್ತರವೂ ಅದೇ. ಅಕಾರಾದಿ ಕ್ರಮ ಇಲ್ಲಿ ನಡೆಯುವುದಿಲ್ಲ. ಯಾವ ಅಕ್ಷರ ಮೇಲು, ಯಾವುದು ಕೀಳು ಎಂಬುದು ಆಯಾ ಕಂಪನಿಯ ಚಿತ್ತ. ‘ಡಬ್ಲ್ಯೂ’ ಬ್ರಿಟಿಷ್ ಏರ್‌ವೇಸ್‌ನಲ್ಲಿ ಪ್ರೀಮಿಯಂ ಎಕಾನಮಿಯ ಗೌರವದಲ್ಲಿದ್ದರೆ ಲುಫ್ತಾನ್ಸಾ, ಯುನೈಟೆಡ್‌ಗಳಲ್ಲಿ ರಿಯಾಯಿತಿ ಎಕಾನಮಿಯಲ್ಲಿ ಕೂತಿದೆ. ‘ಪಿ’ ಲುಫ್ತಾನ್ಸಾದಲ್ಲಿ ಬಿಸಿನೆಸ್ ಕ್ಲಾಸ್. ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಪ್ರೀಮಿಯಂ ಎಕಾನಮಿ. ಎಲ್ಲಕ್ಕಿಂತ ಕರುಣಾಜನಕ ಕಥೆ ‘ಆರ್’ನದು. ಒಂದು ಕಾಲಕ್ಕೆ ಅದು ಶಬ್ದವೇಗ ಮೀರಿ ಹಾರುತ್ತಿದ್ದ ಕಾಂಕಾರ್ಡ್‌ನ ಅಕ್ಷರ. 2003ರಲ್ಲಿ ಕಾಂಕಾರ್ಡ್ ನಿಂತಿತು. ಅಕ್ಷರಕ್ಕೆ ನಿವೃತ್ತಿ ಎಲ್ಲಿದೆ? ಈಗ ಯುನೈಟೆಡ್‌ನಲ್ಲಿ ಪ್ರೀಮಿಯಂ ಎಕಾನಮಿ ಕಾಯುತ್ತಿದೆ.

ಲೆಕ್ಕಕ್ಕೆ ಬರೋಣ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಆಕಾಶಮಾರ್ಗ ಸುಮಾರು 4,600 ಮೈಲಿ. ಮೂರು ಸೀಟಿನ ಸಾಲೊಂದರಲ್ಲಿ ಮೂವರು ಕೂತಿದ್ದಾರೆ, ಮೂವರ ಖಾತೆಯೂ ಒಂದೇ ಮೈಲಿ ಯೋಜನೆಯಲ್ಲಿದೆ, ಹಾರಿದ ದೂರದಲ್ಲಿ ಅಕ್ಷರಕ್ಕೆ ತಕ್ಕಷ್ಟು ಪಾಲು ಜಮಾ ಎನ್ನಿ. ಕಿಟಕಿಯವರ ಅಕ್ಷರಕ್ಕೆ ನೂರು ಪರ್ಸೆಂಟ್: 4,600. ನಡುವಿನವರದಕ್ಕೆ 25 ಪರ್ಸೆಂಟ್: 1,150. ಕಡೆಯವರದಕ್ಕೆ ಸೊನ್ನೆ. ಅಂದರೆ ಕಡೆಯವರು ಶಾಸ್ತ್ರದ ಪ್ರಕಾರ ಬೆಂಗಳೂರು ಬಿಟ್ಟೇ ಇಲ್ಲ. ಕಾಲು ಊದಿಕೊಂಡಿದೆಯಲ್ಲ, ಪಾಸ್‌ಪೋರ್ಟಿನಲ್ಲಿ ಠಸ್ಸೆ ಬಿದ್ದಿದೆಯಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ಅದು ಪ್ರತ್ಯಕ್ಷ ಪ್ರಮಾಣ. ಇಲ್ಲಿ ನಡೆಯುವುದು ಯಾವ ಅಕ್ಷರಕ್ಕೆ ಎಷ್ಟು ಎಂಬ ಪಟ್ಟಿಯ ಪ್ರಮಾಣ ಮಾತ್ರ.

ಮತ್ತೂ ಒಂದು ಸೂಕ್ಷ್ಮವಿದೆ. ಅದೇ ‘ಕೆ’ ಅಕ್ಷರ ಒಂದು ಯೋಜನೆಯ ಪಟ್ಟಿಯಲ್ಲಿ ಕಾಲು ಪಾಲು ತಂದರೆ ಇನ್ನೊಂದರಲ್ಲಿ ಏನನ್ನೂ ತಾರದೆ ಹೋಗಬಹುದು. ಆದ್ದರಿಂದ ‘ನನ್ನ ಅಕ್ಷರ ಯಾವುದು’ ಎಂದು ಕೇಳುವವನು ಪ್ರಥಮಾ ತರಗತಿಯವನು. ‘ನನ್ನ ಅಕ್ಷರವನ್ನು ಯಾರ ಹತ್ತಿರ ಓದಿಸಲಿ’ ಎಂದು ಕೇಳುವವನಿಗೆ ವಿದ್ವತ್ ಪದವಿ. ಚೆಕ್-ಇನ್ ಕೌಂಟರಿನಲ್ಲಿ ಸದಸ್ಯತ್ವದ ನಂಬರು ಹೇಳುವ ಮುಂಚೆ ನಾಲ್ಕು ಪಟ್ಟಿ ತೆರೆದು ಹೋಲಿಸುವ ವಿದ್ವಾಂಸರು ನಮ್ಮ ನಡುವೆ ಇದ್ದಾರೆ. ಅವರ ಹಿಂದೆ ಕ್ಯೂ ನಿಂತವರು ಅವರನ್ನು ಬೇರೆ ಪದವಿಗಳಿಂದ ಕರೆಯುತ್ತಾರೆ.

ಈ ಅಕ್ಷರಗಳು ಎಲ್ಲಿಂದ ಬಂದವು? 1972ರಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿಯ ಕೆನ್ ಲಿಟಲ್‌ವುಡ್ ಎಂಬವರು ಒಂದು ಸೂತ್ರ ಕೊಟ್ಟರು. ಪೂರ್ತಿ ದರ ಕೊಡುವವನು ಕೊನೆಗಳಿಗೆಯಲ್ಲಿ ಬರುವ ಸಂಭವವನ್ನು ಆ ದರಕ್ಕೆ ಗುಣಿಸು. ಬಂದ ಮೊತ್ತಕ್ಕಿಂತ ಅಗ್ಗದ ಟಿಕೆಟ್ಟಿನ ದುಡ್ಡು ಹೆಚ್ಚಿರುವ ತನಕ ಅಗ್ಗದವನನ್ನು ಹತ್ತಿಸಿಕೊ. ಶುದ್ಧ ಗಣಿತ, ಅದರಲ್ಲಿ ದ್ವೇಷವೇನಿಲ್ಲ. ಆದರೆ ಇದನ್ನು ಜಾರಿಗೆ ತರಬೇಕಾದರೆ ಒಂದೇ ಕ್ಯಾಬಿನ್ನಿನ ಸೀಟುಗಳನ್ನು ಬೇರೆಬೇರೆ ಹೆಸರಿನ ಗೂಡುಗಳಲ್ಲಿ ತುಂಬಬೇಕು. ಗೂಡಿಗೊಂದು ಅಕ್ಷರ. 1978ರಲ್ಲಿ ಅಮೆರಿಕ ವಿಮಾನದರದ ಮೇಲಿನ ಸರ್ಕಾರಿ ಹಿಡಿತ ಬಿಟ್ಟುಕೊಟ್ಟಿತು; ದರಗಳು ಬಿಚ್ಚಿಕೊಂಡವು, ಗೂಡುಗಳು ಹೆಚ್ಚಿದವು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಅಡ್ವಾಂಟೇಜ್’ ಎಂಬ ಮೈಲಿ ಯೋಜನೆ ತಂದಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನದನ್ನು. ಗೂಡು ಮತ್ತು ಮೈಲಿ ಒಂದನ್ನೊಂದು ಕೂಡಿಕೊಂಡಾಗ ನಮ್ಮ ಶಾಸ್ತ್ರ ಹುಟ್ಟಿತು.

ಗೂಡುಗಳನ್ನು ಕಣ್ಣಾರೆ ನೋಡಬೇಕೆಂದರೆ ಟ್ರಾವೆಲ್ ಏಜೆಂಟರ ಪರದೆಯನ್ನು ಇಣುಕಬೇಕು. ವೈ9 ಬಿ9 ಎಂ9 ಎಚ್4 ಕ್ಯೂ3 ಕೆ0 ಎಂದು ಒಂದು ಸಾಲು ಇರುತ್ತದೆ. ‘ವೈ’ಯಲ್ಲಿ ಒಂಬತ್ತು ಎಂದರೆ ಒಂಬತ್ತೇ ಅಲ್ಲ, ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು, ಪರದೆಗೆ ಅದಕ್ಕಿಂತ ಮೇಲೆ ಎಣಿಸುವ ಹಂಗಿಲ್ಲ. ‘ಕೆ’ ಮುಗಿದಿದೆ. ‘ಕ್ಯೂ’ನಲ್ಲಿ ಮೂರು. ಈಗ ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದೇ ಬುಕಿಂಗ್‌ನಲ್ಲಿ ಹೊರಟರೆಂದರೆ ನಾಲ್ವರೂ ಒಟ್ಟಾಗಿ ‘ಎಚ್’ಗೆ ಏರುತ್ತಾರೆ; ಮೂವರು ‘ಕ್ಯೂ’, ಒಬ್ಬರು ‘ಎಚ್’ ಎಂದು ಯಂತ್ರ ತಾನಾಗಿ ಒಡೆದುಕೊಡುವುದಿಲ್ಲ. ಒಟ್ಟಿಗೆ ಬಾಳುವವರಿಗೆ ದರ ಹೆಚ್ಚು, ಬೇರೆಯಾದವರಿಗೆ ಕಡಿಮೆ. ಅವಿಭಕ್ತ ಕುಟುಂಬ ಒಡೆಯಲು ಕಾರಣ ಹುಡುಕುತ್ತಿರುವ ಸಮಾಜಶಾಸ್ತ್ರಜ್ಞರು ಈ ಪರದೆಯನ್ನು ಗಮನಿಸಿದಂತಿಲ್ಲ.

ಹಾಗಾದರೆ ಬೀಗರು ಅಗ್ಗದ ಅಕ್ಷರಕ್ಕೆ ಮೈಲಿ ಕೊಡಲು ಕೈ ಹಿಂದೆಳೆಯುವುದೇಕೆ? ಜಿಪುಣತನ ಎನ್ನುವುದು ಮೇಲುಮೇಲಿನ ಮಾತು. ಒಳಗಿನ ವ್ಯವಹಾರ ಇಷ್ಟು: ನೀವು ಲುಫ್ತಾನ್ಸಾದಲ್ಲಿ ಹಾರಿ ಏರ್ ಇಂಡಿಯಾ ಖಾತೆಗೆ ಮೈಲಿ ಹಾಕಿಸಿದರೆ ಆ ಮೈಲಿ ಬಿಟ್ಟಿ ಬರುವುದಿಲ್ಲ, ಹಾರಿಸಿದ ಕಂಪನಿ ಖಾತೆಯ ಕಂಪನಿಗೆ ಮೈಲಿಗಿಷ್ಟು ಎಂದು ದುಡ್ಡು ಕಟ್ಟಬೇಕು. ಟಿಕೆಟ್ಟು ಅಗ್ಗದ್ದಾದಷ್ಟೂ ಈ ಬಿಲ್ಲು ಚುಚ್ಚುತ್ತದೆ. ಯಾವ ಅಕ್ಷರಕ್ಕೆ ಎಷ್ಟು ಎಂಬ ಪಟ್ಟಿ ಎರಡು ಕಂಪನಿಗಳು ಕೂತು ಚೌಕಾಸಿ ಮಾಡಿದ ಕರಾರು. ಪ್ರಯಾಣಿಕ ಆ ಮಾತುಕತೆಯಲ್ಲಿ ಎಲ್ಲೂ ಇಲ್ಲ. ಇದ್ದಿದ್ದರೆ ಕಾಫಿಯಾದರೂ ಸಿಗುತ್ತಿತ್ತು.

ಇಲ್ಲಿ ಮೈಲಿವಾದಿಗಳು, ಖರ್ಚುವಾದಿಗಳು ಎಂಬ ಎರಡು ದರ್ಶನಗಳ ಜಗಳವನ್ನು ಹೇಳಿ ಮುಂದೆ ಹೋಗಬೇಕು. ಹಾರಿದ ದೂರಕ್ಕೆ ಫಲ ಎಂಬುದು ಹಳೆಯ ಮೈಲಿವಾದ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್ ತಂತಮ್ಮ ವಿಮಾನಗಳ ಮಟ್ಟಿಗೆ ಅದನ್ನು ಬಿಟ್ಟು, ತೆತ್ತ ದುಡ್ಡಿಗೆ ಫಲ ಎಂಬ ಖರ್ಚುವಾದಕ್ಕೆ ಮತಾಂತರಗೊಂಡವು. ಆದರೆ ಬೀಗರ ವಿಮಾನ ಬಂದಾಗ ಖರ್ಚುವಾದ ತೊದಲುತ್ತದೆ. ನೀವು ಬೀಗರಿಗೆ ಎಷ್ಟು ತೆತ್ತಿರೆಂದು ಬೀಗರು ಬಾಯಿಬಿಡುವುದಿಲ್ಲ. ಅವರು ಹೇಳುವುದು ಅಕ್ಷರ ಒಂದನ್ನೇ. ಹಾಗಾಗಿ ಅಲ್ಲಿ ಇವತ್ತಿಗೂ ದೂರವನ್ನು ಅಕ್ಷರಕ್ಕೆ ಗುಣಿಸುವ ಪುರಾತನ ವಿಧಿಯೇ ಗತಿ. ಯುನೈಟೆಡ್ ಇದಕ್ಕೊಂದು ಉಪಾಯ ಕಂಡುಕೊಂಡಿದೆ: ಟಿಕೆಟ್ ಸಂಖ್ಯೆ 016ರಿಂದ ಶುರುವಾದರೆ ಅದು ತಾನೇ ಬರೆದುಕೊಟ್ಟ ಟಿಕೆಟ್ಟು, ದುಡ್ಡೆಷ್ಟೆಂದು ತನಗೆ ಗೊತ್ತು, ಹಾರಿದ್ದು ಹೆಚ್ಚಿನ ಬೀಗರ ವಿಮಾನದಲ್ಲಾದರೂ ದುಡ್ಡಿನ ಮೇಲೆ ಲೆಕ್ಕ. ಸಂಖ್ಯೆ ಲುಫ್ತಾನ್ಸಾದ 220ರಿಂದ ಶುರುವಾದರೆ ದೂರ, ಅಕ್ಷರ. ಹೀಗೆ ಒಂದಕ್ಷರದ ಶಾಸ್ತ್ರಕ್ಕೆ ಮೂರಂಕಿಯ ಉಪಶಾಸ್ತ್ರ ಸೇರಿತು.

ಕೋಡ್‌ಶೇರ್ ಎಂಬುದು ನಾಮರೂಪದ ಸಮಸ್ಯೆ. ಟಿಕೆಟ್ಟಿನಲ್ಲಿ ಒಬ್ಬರ ಹೆಸರು, ಗೇಟಿನಲ್ಲಿ ನಿಂತಿರುವುದು ಇನ್ನೊಬ್ಬರ ವಿಮಾನ. ಹೆಸರಿನ ಕಡೆಯ ಅಕ್ಷರವನ್ನು ಓದಬೇಕೋ ಹಾರಿಸುವವರ ಕಡೆಯದನ್ನೋ? ನಾಮವೇ ಪ್ರಧಾನ ಎನ್ನುವ ಯೋಜನೆಗಳಿವೆ, ರೂಪವೇ ಪ್ರಧಾನ ಎನ್ನುವವೂ ಇವೆ. ದಾಸವರೇಣ್ಯರ ಕಾಲದಿಂದ ನಾಮದ ಪರವಾಗಿರುವ ನಮ್ಮಂಥವರು ಇಲ್ಲಿ ತೀರ್ಪು ಕೊಡದಿರುವುದೇ ಲೇಸು. ಅಪ್‌ಗ್ರೇಡ್‌ನದು ಕರ್ಮಸಿದ್ಧಾಂತ. ಎಕಾನಮಿ ತುಂಬಿ ತುಳುಕಿ, ಸಿಬ್ಬಂದಿ ನಿಮ್ಮನ್ನೇ ಆರಿಸಿ ಬಿಸಿನೆಸ್ ಕ್ಲಾಸಿಗೆ ಕರೆದೊಯ್ದರು ಎನ್ನಿ. ಬಟ್ಟೆಯ ಕರವಸ್ತ್ರ, ಪಿಂಗಾಣಿ ತಟ್ಟೆ, ಕಾಲು ಚಾಚುವಷ್ಟು ಜಾಗ ಎಲ್ಲ ಸಿಕ್ಕಿತು. ಮೈಲಿ ಮಾತ್ರ ಸಾಮಾನ್ಯವಾಗಿ ಕೊಂಡಾಗಿನ ಅಕ್ಷರದ ಮೇಲೆಯೇ ಬೀಳುತ್ತದೆ. ಮಲಗಿದ ದೇಹ ಮುಂದಿದೆ, ಪ್ರಾರಬ್ಧ ನಲವತ್ತನೇ ಸಾಲಿನಲ್ಲಿ ನೆಟ್ಟಗೆ ಕೂತಿದೆ.

ಈಗ ಸಿದ್ಧಾಂತ. ಅಕ್ಷರ ಅಳೆಯುವುದು ಸೀಟನ್ನೂ ಅಲ್ಲ, ದೂರವನ್ನೂ ಅಲ್ಲ, ನಿಷ್ಠೆಯನ್ನಂತೂ ಅಲ್ಲವೇ ಅಲ್ಲ. ದುಡ್ಡು ಯಾರ ಜೇಬಿನದು ಎಂಬುದನ್ನು ಅದು ಮೂಸಿ ನೋಡುತ್ತದೆ. ಮಂಗಳವಾರ ಫ್ರಾಂಕ್‌ಫರ್ಟಿನಲ್ಲಿ ಮೀಟಿಂಗು ಎಂದು ಸೋಮವಾರ ಗೊತ್ತಾಗುವವನ ಟಿಕೆಟ್ಟನ್ನು ವೈಟ್‌ಫೀಲ್ಡಿನ ಕಂಪನಿಯ ಟ್ರಾವೆಲ್ ಡೆಸ್ಕ್ ತೆಗೆಯುತ್ತದೆ. ಬದಲಿಸಬಹುದು, ವಾಪಸು ಮಾಡಬಹುದು, ಅಕ್ಷರ ‘ವೈ’ ಅಥವಾ ‘ಬಿ’. ದುಡ್ಡು ಆಫೀಸಿನದು, ಮೈಲಿ ಅವನ ಸ್ವಂತದ್ದು. ಹಿಂದೆ ಅಮೆರಿಕದಲ್ಲಿ ಅಗ್ಗದ ಟಿಕೆಟ್ಟಿಗೆ ಶನಿವಾರ ರಾತ್ರಿ ಅಲ್ಲೇ ಉಳಿಯಬೇಕೆಂಬ ಷರತ್ತು ಹಾಕುತ್ತಿದ್ದುದೂ ಇದಕ್ಕೇ: ಆಫೀಸಿನವನು ಶುಕ್ರವಾರವೇ ಮನೆಗೆ ಓಡುತ್ತಾನೆ, ಸ್ವಂತ ದುಡ್ಡಿನವನು ಉಳಿಯುತ್ತಾನೆ. ಇತ್ತ ಮಗಳ ಬಾಣಂತನಕ್ಕೆಂದು ಫ್ರಾಂಕ್‌ಫರ್ಟ್ ದಾಟಿ ಷಿಕಾಗೋಗೆ ಹೊರಟ ಅಪ್ಪ ಅಮ್ಮನ ಟಿಕೆಟ್ಟನ್ನು ಆರು ತಿಂಗಳು ಮುಂಚೆ, ನಾಲ್ಕು ಕಡೆ ವಿಚಾರಿಸಿ ಅಳಿಯ ತೆಗೆದಿರುತ್ತಾನೆ. ಇವರು ಹೆಚ್ಚು ದೂರ ಹಾರುತ್ತಾರೆ, ಹೆಚ್ಚು ಕಷ್ಟಪಟ್ಟು ಹಾರುತ್ತಾರೆ, ಮತ್ತು ಇವರ ಅಕ್ಷರ ‘ಕೆ’. ಹಿಂತಿರುಗಿದ ಮೇಲೆ ಬಸವನಗುಡಿಯ ಏಜೆಂಟರ ಮುಂದೆ ನಡೆಯಬಹುದಾದ ಸಂವಾದವನ್ನು ಶಿಷ್ಯರ ತಿಳಿವಳಿಕೆಗಾಗಿ ಕೊಟ್ಟಿದೆ.

“ಏನಪ್ಪಾ, ಅಷ್ಟು ದೂರ ಕೂತು ಬಂದಿದ್ದೀವಿ, ಪಾಯಿಂಟು ಏನೂ ಬಿದ್ದಿಲ್ವಂತೆ?”

“ಅದು ಕೆ ಕ್ಲಾಸ್ ಸಾರ್.”

“ಹಂಗಂದ್ರೆ?”

“ನಿಮ್ಮ ಅಳಿಯಂದ್ರು ಇನ್ನೂ ಕಮ್ಮಿ ಮಾಡಿ ಅಂದ್ರಲ್ಲ ಸಾರ್. ಆ ಕಮ್ಮಿನೇ ಕೆ.”

ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಅಡಕವಾದ ಭಾಷ್ಯ ಸಿಗದು.

ಕೊನೆಯದಾಗಿ ಅನುಗ್ರಹ ಪ್ರಕರಣ. ಹಿಮ ಸುರಿದೋ ಎಂಜಿನ್ ಕೆಟ್ಟೋ ಮುಷ್ಕರವಾಗಿಯೋ ನಿಮ್ಮ ವಿಮಾನ ರದ್ದಾಗುತ್ತದೆ. ಕಂಪನಿ ನಿಮ್ಮನ್ನು ಬೀಗರ ವಿಮಾನಕ್ಕೆ ದಾಟಿಸುತ್ತದೆ. ಆ ಗಡಿಬಿಡಿಯಲ್ಲಿ ಬೀಗರ ಹತ್ತಿರ ಉಳಿದಿರುವುದು ಮೇಲಿನ ಗೂಡು ಮಾತ್ರವಾದ್ದರಿಂದ ಕೆಲವೊಮ್ಮೆ ‘ವೈ’ ಅಕ್ಷರವೇ ಬೀಳುತ್ತದೆ. ತಪಸ್ಸಿಲ್ಲ, ದಾನವಿಲ್ಲ, ಹನ್ನೊಂದು ತಾಸು ವಿಮಾನ ನಿಲ್ದಾಣದ ನೆಲದ ಮೇಲೆ ಮಲಗಿದ್ದರ ಹೊರತು ಬೇರೆ ಸಾಧನೆಯಿಲ್ಲ; ಆದರೂ ನೂರು ಪರ್ಸೆಂಟ್. ಇದು ಸಲ್ಲದು, ಕೊಂಡ ದರ ‘ಕೆ’ಯದೇ ತಾನೆ ಎಂದು ವಾದಿಸುವ ಯೋಜನೆಗಳೂ ಉಂಟು. ಅದಕ್ಕೆ ಪ್ರತಿಯಾಗಿ, ಮೊದಲು ಕೊಂಡ ಮಾರ್ಗದ ಮೈಲಿಯಾದರೂ ಕೊಡಿ ಎಂದು ಅರ್ಜಿ ಹಾಕಬಹುದು. ಹಲವು ಯೋಜನೆಗಳಲ್ಲಿ ಅದಕ್ಕೆ ಆರು ತಿಂಗಳ ಗಡುವು, ಕೆಲವದರಲ್ಲಿ ಒಂದು ವರ್ಷ. ಟಿಕೆಟ್ ಸಂಖ್ಯೆಯನ್ನೂ ಬೋರ್ಡಿಂಗ್ ಪಾಸನ್ನೂ ಕೇಳುತ್ತಾರೆ. ಪಾಸನ್ನು ಶಾಖಕ್ಕೆ ಅಚ್ಚು ಮೂಡುವ ಥರ್ಮಲ್ ಕಾಗದದ ಮೇಲೆ ಅಚ್ಚುಹಾಕಿರುವುದರಿಂದ ಗಡುವಿಗೆ ಮುಂಚೆಯೇ ಅಕ್ಷರ ಮಾಸಿಹೋಗುವ ಸಂಭವ ಹೆಚ್ಚು. ಆದ್ದರಿಂದ ಗೇಟಿಗೆ ಹೋಗುವಾಗಲೇ ಅದರ ಫೋಟೊ ತೆಗೆದಿಟ್ಟುಕೊಳ್ಳತಕ್ಕದ್ದು; ಹಿಂದೆ ನಿಂತವರು ‘ಬೇಗ ನಡೀರಿ ಸ್ವಾಮಿ’ ಎಂದು ಗದರಿದರೆ ಅವರ ಪಾಸನ್ನೂ ಒಮ್ಮೆ ಇಣುಕಿ, ತಮ್ಮದಕ್ಕಿಂತ ಮೇಲಿನ ಅಕ್ಷರದವರಾದರೆ ಮಾತ್ರ ದಾರಿ ಬಿಡತಕ್ಕದ್ದು.